ಹಳೆಯ ಫೋಟೋದಲ್ಲಿ ಎಷ್ಟು ಜನ?
(ಪವಿತ್ರ ಕುಟುಂಬದ ಹಬ್ಬದ ಪ್ರಬೋಧನೆ)



1921ರಲ್ಲಿ ಜಗದ್ಗುರು ಹದಿನೈದನೇ ಬೆನೆಡಿಕ್ಟರು ಪವಿತ್ರ ಕುಟುಂಬದ ಹಬ್ಬವನ್ನು ಇಡೀ ಧರ್ಮಸಭೆಗೆ ವಿಸ್ತರಿಸಿದರು. ಆ ಕಾಲದ ಕುಟುಂಬಗಳು ಹೇಗಿದ್ದವೆಂದು ತಿಳಿಯಲು ನಮ್ಮ ಮನೆಗಳ ಹಳೆಯ ಫೋಟೋಗಳೇ ಸಾಕು. ನಡುವೆ ಕುರ್ಚಿಯಲ್ಲಿ ಅಜ್ಜ ಅಜ್ಜಿ, ಹಿಂದೆ ಗಂಡುಮಕ್ಕಳು ಸೊಸೆಯಂದಿರು, ಕೆಳಗೆ ಜಮಖಾನೆಯ ಮೇಲೆ ಲೆಕ್ಕವಿಲ್ಲದಷ್ಟು ಮೊಮ್ಮಕ್ಕಳು. ಒಬ್ಬರ ಮುಖದಲ್ಲೂ ನಗುವಿಲ್ಲ! ಫೋಟೋ ತೆಗೆಸುವುದೆಂದರೆ ಆಗ ಅಷ್ಟು ಗಂಭೀರ ಕೆಲಸ.

ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳ ಹೆಸರು ಸೇರಿ ಬಿಟಿಎಂ ಆಯಿತು. ಇಲ್ಲಿರುವ ನಾವೋ ಹಾರೋಬೆಲೆಯಿಂದ, ಮಂಗಳೂರಿನಿಂದ, ಕೋಲಾರದ ಚಿನ್ನದ ಗಣಿಯಿಂದ ಬಂದವರು. ಎರಡು ಕೋಣೆಯ ಮನೆಗೆ ಬರುವಾಗ ಒರಳುಕಲ್ಲು ಬಿಟ್ಟು ಬಂದೆವು, ಫೋಟೋ ತಂದೆವು. "ಫಾದರ್, ನಾವು ಹನ್ನೊಂದು ಜನ ಮಕ್ಕಳು, ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದೆವು" ಎಂದು ಹಿರಿಯರು ಹೇಳುವಾಗ ಕೇಳಲು ಸೊಗಸು. ಆದರೆ ಹನ್ನೊಂದು ಹೆತ್ತ ತಾಯಿಯನ್ನು ಆ ಫೋಟೋದಲ್ಲಿ ಒಮ್ಮೆ ನೋಡಿ. ನಲವತ್ತಕ್ಕೇ ಮುದುಕಿಯಂತೆ ಕಾಣುತ್ತಾಳೆ. 1951ರ ಸುಮಾರಿಗೆ ನಮ್ಮ ದೇಶದಲ್ಲಿ ಹುಟ್ಟಿದ ಸಾವಿರ ಶಿಶುಗಳಲ್ಲಿ ಸುಮಾರು 146 ಒಂದು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದವು. ಅವರು ಯಾವ ಫೋಟೋದಲ್ಲೂ ಇಲ್ಲ. ಜ್ಞಾನಸ್ನಾನದ ದಾಖಲೆಯಲ್ಲಿ ಮಾತ್ರ ಇದ್ದಾರೆ. ತಮ್ಮಂದಿರನ್ನು ಸೊಂಟದ ಮೇಲೆ ಹೊತ್ತು ಶಾಲೆ ಬಿಟ್ಟ ಹಿರಿಯ ಅಕ್ಕಂದಿರ ಕಥೆಯನ್ನೂ ಯಾರೂ ಅಷ್ಟಾಗಿ ಹೇಳುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ತಾಯಿಗೆ ಸರಾಸರಿ 1.7 ಮಕ್ಕಳು. ಇದನ್ನು ಕಂಡು ಬರೀ ಗೊಣಗುವವರು ಆ ಅಕ್ಕಂದಿರನ್ನೂ ನೆನೆಯಬೇಕು.

ಅಜ್ಜಿ ಇರುವಾಗಲೇ ಆ ಫೋಟೋ ಇಳಿಸಿ, ಹಿಂಬದಿಯಲ್ಲಿ ಪೆನ್ಸಿಲಿನಿಂದ ಒಬ್ಬೊಬ್ಬರ ಹೆಸರು ಬರೆದಿಡಿ. ತೀರಿಹೋದ ಕೂಸುಗಳ ಹೆಸರನ್ನೂ ಕೇಳಿ. ಅಜ್ಜಿ ಮರೆತಿರುವುದಿಲ್ಲ.

ಹಾಗಾದರೆ ಆ ದೊಡ್ಡ ಕುಟುಂಬದಲ್ಲಿ ಇದ್ದದ್ದೇನು? ಲೂಕರ ಶುಭಸಂದೇಶದ ಎರಡನೇ ಅಧ್ಯಾಯ ನೋಡಿ. ಪಾಸ್ಖ ಹಬ್ಬ ಮುಗಿಸಿ ಮರಳುವಾಗ ಹನ್ನೆರಡು ವರ್ಷದ ಬಾಲಯೇಸು ಜೊತೆಯಲ್ಲಿಲ್ಲ. ಮಾತೆ ಮರಿಯಮ್ಮನವರೂ ಸಂತ ಜೋಸೆಫರೂ ಇಡೀ ಒಂದು ದಿನದ ದಾರಿ ನಡೆದ ಮೇಲೆ ಹುಡುಕತೊಡಗುತ್ತಾರೆ. ಇದು ಅಲಕ್ಷ್ಯವೇ? ಅಲ್ಲ. ಬಂಧುಗಳ ಜೊತೆ ಇರುತ್ತಾನೆ, ಚಿಕ್ಕಮ್ಮ ಊಟ ಕೊಟ್ಟಿರುತ್ತಾಳೆ ಎಂಬ ಧೈರ್ಯ. ನಜರೇತಿನ ಮನೆಯಲ್ಲಿ ಇದ್ದವರು ಮೂವರೇ. ಆದರೆ ಆ ಮೂವರ ಸುತ್ತ ಒಂದು ಊರೇ ಇತ್ತು. ನಮ್ಮ ಮನೆಗಳಲ್ಲೂ ಮೂವರಿದ್ದೇವೆ. ಮಗುವನ್ನು ಒಂದು ಗಂಟೆ ನೋಡಿಕೊಳ್ಳಿ ಎಂದು ಎದುರು ಬಾಗಿಲು ತಟ್ಟುವಷ್ಟು ಸಲಿಗೆ ಎಷ್ಟು ಜನಕ್ಕಿದೆ? ಮಕ್ಕಳೆಲ್ಲ ಹೊರದೇಶದಲ್ಲಿದ್ದು, ಹಬ್ಬದ ದಿನವೂ ಒಂದು ಹಿಡಿ ಅನ್ನ ಬೇಯಿಸಿಕೊಳ್ಳುವ ಹಿರಿಯರು ನಮ್ಮ ಇದೇ ಬೀದಿಗಳಲ್ಲಿದ್ದಾರೆ.

ಇನ್ನು ಪಿ.ಜಿ.ಗಳಲ್ಲಿರುವ ಯುವಜನರು. ರಜೆ ಸಿಗದೆ, ಬಸ್ ಟಿಕೆಟ್ ಸಿಗದೆ ಇಲ್ಲೇ ಉಳಿದವರು ಪೂಜೆಗೆ ಬಂದು ಬಾಗಿಲ ಬಳಿ ನಿಂತು, ಮುಗಿದೊಡನೆ ಹೊರಟುಬಿಡುತ್ತಾರೆ. ಇಂದೂ ನಿಂತಿದ್ದಾರೆ. ಕಡೆಯ ಆಶೀರ್ವಾದವಾದ ಮೇಲೆ ಅವರನ್ನು ತಡೆದು, ಮಧ್ಯಾಹ್ನದ ಊಟ ಎಲ್ಲಿ ಎಂದು ಕೇಳಿ.