ಹುಲಿಕಲ್: ಒಂದು ಹೆಸರು, ಎರಡು ಪದಗಳು



ಹೊಸನಗರದ ಕಡೆಯಿಂದ ಘಟ್ಟ ಇಳಿದು ಕರಾವಳಿಗೆ ಹೋಗುವ ದಾರಿಯಲ್ಲಿ ಹುಲಿಕಲ್ ಇದೆ. ಭಾರಿ ಮಳೆಗೆ ಹೆಸರಾದ ಊರು. ಆ ಹೆಸರನ್ನು ಬಿಡಿಸಿದರೆ ಹುಲಿ, ಕಲ್ ಎಂಬ ಎರಡು ಪದಗಳು ದೊರೆಯುತ್ತವೆ. ಅವು ನಮಗೆ ಎಲ್ಲಿಂದ ಬಂದವು?

ಮೊದಲು ಹುಲಿಯನ್ನು ನೋಡೋಣ. ತಮಿಳು, ಮಲಯಾಳಂ, ತೆಲುಗುಗಳಲ್ಲಿ ಇದು 'ಪುಲಿ'. ತುಳುವಿನಲ್ಲಿ 'ಪಿಲಿ'. ಉಡುಪಿ, ಮಂಗಳೂರುಗಳ ಪಿಲಿವೇಷದ ವಿಷಯ ನೀವು ಕೇಳಿರುತ್ತೀರಿ. ಹಳಗನ್ನಡದಲ್ಲೂ ಇದು 'ಪುಲಿ'ಯೇ. ಇವೆಲ್ಲವನ್ನೂ ಹೋಲಿಸಿ ವಿದ್ವಾಂಸರು ಮೂಲದ್ರಾವಿಡ ರೂಪವನ್ನು *ಪುಲಿ ಎಂದು ಬರೆಯುತ್ತಾರೆ. ಆ ಮೂಲಭಾಷೆಯ ಬರಹ ಎಲ್ಲಿಯೂ ಸಿಕ್ಕಿಲ್ಲ. ಈ ರೂಪ ತರ್ಕದಿಂದ ಕಟ್ಟಿದ್ದು ಎಂಬುದನ್ನು ನಕ್ಷತ್ರ ಚಿಹ್ನೆ ಸೂಚಿಸುತ್ತದೆ.

ಹಾಗಾದರೆ ಇದು ಬರಿಯ ಊಹೆಯೆ? ಅಲ್ಲ. ಪಾಲ್ ಹಾಲಾಯಿತು, ಪತ್ತು ಹತ್ತಾಯಿತು, ಪೂ ಹೂವಾಯಿತು. ಸುಮಾರು 10ನೇ ಶತಮಾನದಿಂದ ನಮ್ಮ ಶಾಸನಗಳಲ್ಲಿ ಪಕಾರದ ಜಾಗದಲ್ಲಿ ಹಕಾರ ಕಾಣಿಸಿಕೊಳ್ಳುತ್ತದೆ. ಹಲ್ಮಿಡಿಯ ಹೆಸರೇ ಅಲ್ಲಿನ ಪ್ರಸಿದ್ಧ ಶಾಸನದಲ್ಲಿ ಪಕಾರದಿಂದ ಆರಂಭವಾಗುತ್ತದೆ. ಬದಲಾವಣೆಗೆ ಹೀಗೆ ನಿಯಮವಿದ್ದರೆ ಮಾತ್ರ ಹಿಂದಿನ ರೂಪವನ್ನು ಧೈರ್ಯವಾಗಿ ಹೇಳಬಹುದು.

ಇನ್ನು ಕಲ್. ಇಂದು ನಾವು ಕಲ್ಲು ಎನ್ನುತ್ತೇವೆ. ಹಳೆಯ ರೂಪ 'ಕಲ್'. ದೂರದ ಬಲೂಚಿಸ್ತಾನದ ಬ್ರಾಹುಯಿ ಭಾಷೆಯಲ್ಲಿ ಕಲ್ಲಿಗೆ 'ಖಲ್', ಕಣ್ಣಿಗೆ 'ಖನ್' ಎನ್ನುತ್ತಾರೆ. ಅಲ್ಲಿಯೂ ನಿಯಮವಿದೆ, ನೋಡಿ. ಅಂದರೆ ಹುಲಿಕಲ್ ಎಂಬ ಹೆಸರಿನ ಮೊದಲ ಅರ್ಧ ಕಾಲದೊಡನೆ ಬದಲಾಗಿದೆ. ಎರಡನೆಯ ಅರ್ಧ ಹಳೆಯ ರೂಪವನ್ನೇ ಉಳಿಸಿಕೊಂಡಿದೆ.

ಬೇರೆ ದೇಶಗಳಲ್ಲೂ ಇದೇ ಕ್ರಮ. ಕೋಟೆಯೂರು ಎಂಬರ್ಥದ ಮೂಲಸ್ಲಾವಿಕ್ ಪದ *ಗೊರ್ದು ರಷ್ಯನ್‌ನಲ್ಲಿ ಗೊರೊದ್, ಸರ್ಬಿಯನ್‌ನಲ್ಲಿ ಗ್ರಾದ್ ಆಯಿತು. ನೊವ್‌ಗೊರೊದ್, ಬೆಲ್‌ಗ್ರೇಡ್ ನಗರಗಳ ಹೆಸರುಗಳಲ್ಲಿ ಅದು ಇಂದಿಗೂ ಇದೆ.

ದ್ರಾವಿಡ ಪದಗಳ ಇಂಥ ನಂಟನ್ನು ಬರೋ ಮತ್ತು ಎಮೆನೊ ಎಂಬ ವಿದ್ವಾಂಸರು 1961ರಲ್ಲಿ ನಿಘಂಟಾಗಿ ಪ್ರಕಟಿಸಿದರು. 1984ರಲ್ಲಿ ಅದರ ಪರಿಷ್ಕೃತ ಆವೃತ್ತಿ ಬಂದಿತು.

ಕೊನೆಗೆ ಒಂದು ಎಚ್ಚರಿಕೆ. ಹುಲಿಯೇ ಬೇರೆ, ಹುಳಿಯೇ ಬೇರೆ. ಹುಳಿಯ ಮೂಲ *ಪುಳಿ. ತಮಿಳಿನಲ್ಲಿ ಇಂದಿಗೂ ಪುಳಿ. ಇಂಗ್ಲಿಷ್ ಅಕ್ಷರಗಳ ಊರಫಲಕದಲ್ಲಿ ಈ ಭೇದ ಅಳಿಸಿಹೋಗುತ್ತದೆ, ಹೆಸರಿನೊಳಗಿನ ಚರಿತ್ರೆಯೂ ಮಸುಕಾಗುತ್ತದೆ. ಆದ್ದರಿಂದ ನಿಮ್ಮ ಊರಿನ ಹೆಸರನ್ನು ಹಿರಿಯರ ಬಾಯಿಂದ ಕೇಳಿ, ಕನ್ನಡದಲ್ಲಿ ಬರೆದುಕೊಳ್ಳಿ, ಶಾಸನಗಳಲ್ಲಿ ಹೇಗಿದೆಯೆಂದು ಹುಡುಕಿ. ಅರ್ಥ ಹೇಳುವುದು ಆಮೇಲಿನ ಕೆಲಸ.