ಬೀಗವನ್ನು ಬಿಚ್ಚಿ ತೋರಿಸಿದ ಗಣಿತ ಪ್ರಾಧ್ಯಾಪಕ

(ಪೋಷಕರು ಹಾಗೂ ಕಾಲೇಜು ವಿದ್ಯಾರ್ಥಿಗಳ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಮದ್ರಸದ ಹಾಸ್ಟೆಲಿನಲ್ಲಿದ್ದ ದಿನಗಳಲ್ಲಿ ನಾವೂ ನಮ್ಮ ಸಹಪಾಠಿಯೊಬ್ಬನೂ ಸೇರಿ ಒಂದು ಗುಪ್ತಲಿಪಿಯನ್ನು ರಚಿಸಿದ್ದೆವು. ಅರಬಿಯ ಒಂದೊಂದು ಅಕ್ಷರಕ್ಕೆ ಒಂದೊಂದು ಚಿಹ್ನೆ. ಚೀಟಿಗಳಲ್ಲಿ ಬರೆದು ಪರಸ್ಪರ ದಾಟಿಸುತ್ತಿದ್ದೆವು. ಬರೆಯುತ್ತಿದ್ದ ವಿಷಯವಾದರೂ ಏನು? ಅಡುಗೆಮನೆಯಲ್ಲಿ ಇಂದು ಏನು ಬೇಯುತ್ತಿದೆ, ಪಾಠ ಒಪ್ಪಿಸಲಾಗದೆ ಯಾರು ನಿಂತರು, ಇಷ್ಟೇ. ಒಂದು ದಿನ ಮೇಲಿನ ತರಗತಿಯ ವಿದ್ಯಾರ್ಥಿಯೊಬ್ಬರ ಕೈಗೆ ನಮ್ಮ ನಾಲ್ಕೈದು ಚೀಟಿಗಳು ಸಿಕ್ಕವು. ಮರುದಿನ ಫಜ್ರ್ ನಮಾಝಿನ ಬಳಿಕ ಅವರು ಅವೆಲ್ಲವನ್ನೂ ನಮ್ಮೆದುರು ಗಟ್ಟಿಯಾಗಿ ಓದಿದರು. ಹೇಗೆ ತಿಳಿಯಿತೆಂದು ಕೇಳಿದ್ದಕ್ಕೆ, "ಅರಬಿಯಲ್ಲಿ ಅತಿ ಹೆಚ್ಚು ಬರುವುದು ಅಲಿಫ್, ಅದರ ಬೆನ್ನಿಗೇ ಲಾಮ್. ನಿಮ್ಮ ಚಿಹ್ನೆಗಳನ್ನು ಎಣಿಸಿದೆ. ಉಳಿದದ್ದು ತಾನಾಗಿ ಬಂತು" ಎಂದರು.

9ನೇ ಶತಮಾನದಲ್ಲಿ ಬಗ್ದಾದಿನ ವಿದ್ವಾಂಸ ಅಲ್ ಕಿಂದಿ ಈ ವಿಧಾನವನ್ನೇ ಬರೆದಿಟ್ಟಿದ್ದಾರೆಂಬುದು ಪದವಿ ಓದುವಾಗ ನಮಗೆ ತಿಳಿಯಿತು. ಅಕ್ಷರಗಳನ್ನು ಎಣಿಸಿ ಗೂಢಲಿಪಿಯನ್ನು ಭೇದಿಸುವ ಬಗೆಗೆ ಇಂದು ದೊರೆಯುವ ಅತ್ಯಂತ ಹಳೆಯ ಬರಹ ಅವರದು. ಗೂಢಲಿಪಿಗೆ ಇಂಗ್ಲಿಷಿನಲ್ಲಿರುವ ಸೈಫರ್ ಎಂಬ ಪದವೂ ನಮ್ಮ ಸಿಫ್ರ್, ಅಂದರೆ ಸೊನ್ನೆಯಿಂದಲೇ ಹುಟ್ಟಿದ್ದು.

ವಿಧಾನವನ್ನು ಮುಚ್ಚಿಟ್ಟ ಮಾತ್ರಕ್ಕೆ ಬೀಗ ಗಟ್ಟಿಯಾಗುವುದಿಲ್ಲ ಎಂಬ ಪಾಠ ನಮಗೆ ಆ ಚೀಟಿಗಳಿಂದಲೇ ದೊರೆಯಿತು. ಇಂದು ಈ ಸಭೆಯಲ್ಲಿರುವ ಬಹುತೇಕ ಎಲ್ಲರ ಜೇಬಿನಲ್ಲಿಯೂ ಕೈಚೀಲದಲ್ಲಿಯೂ ಒಂದು ಬೀಗವಿದೆ. ವಾಟ್ಸ್‌ಆ್ಯಪಿನಲ್ಲಿ ಮಗನಿಗೆ ಕಳುಹಿಸುವ ಸಂದೇಶ, ಸೊಸೆಯ ವೈದ್ಯಕೀಯ ವರದಿ, ಮದುವೆ ಮಾತುಕತೆ ಎಲ್ಲವೂ ಅದರೊಳಗೆ ಭದ್ರವಾಗಿ ಸಾಗುತ್ತವೆ. ಆ ಬೀಗದ ಒಂದು ಮುಖ್ಯ ಭಾಗವನ್ನು ರಚಿಸಿದವರು ಅಮೆರಿಕದ ಗಣಿತಜ್ಞ ಡೇನಿಯಲ್ ಬರ್ನ್‌ಸ್ಟೀನ್. ರಚಿಸಿದ್ದಕ್ಕಿಂತಲೂ ದೊಡ್ಡ ವಿಷಯವೆಂದರೆ, ಅಂಥದ್ದನ್ನು ರಚಿಸಿ ಎಲ್ಲರಿಗೂ ತೋರಿಸುವ ಹಕ್ಕಿಗಾಗಿ ಅವರು ತಮ್ಮ ಸರಕಾರದ ವಿರುದ್ಧವೇ ನ್ಯಾಯಾಲಯದ ಮೆಟ್ಟಿಲೇರಿದ್ದು.

1990ರ ದಶಕದ ಆರಂಭ. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಗಣಿತದ ಸಂಶೋಧನಾ ವಿದ್ಯಾರ್ಥಿಯಾಗಿದ್ದ ಬರ್ನ್‌ಸ್ಟೀನ್ 'ಸ್ನಫಲ್' ಎಂಬ ಚಿಕ್ಕದೊಂದು ಗೂಢಲಿಪಿ ತಂತ್ರಾಂಶವನ್ನು ಬರೆದರು. ಅದನ್ನೂ ಅದರ ವಿವರಣೆಯನ್ನೂ ಪ್ರಕಟಿಸಬೇಕೆಂಬುದು ಅವರ ಬಯಕೆ. 1992ರಲ್ಲಿ, ಇದಕ್ಕೆ ಅನುಮತಿ ಬೇಕೇ ಎಂದು ಅಮೆರಿಕದ ವಿದೇಶಾಂಗ ಇಲಾಖೆಯನ್ನು ವಿಚಾರಿಸಿದರು. ಬಂದ ಉತ್ತರ ಯಾರನ್ನೂ ದಂಗುಬಡಿಸುವಂಥದು. ಸ್ನಫಲ್ ಯುದ್ಧ ಸಾಮಗ್ರಿಗಳ ಪಟ್ಟಿಗೆ ಸೇರುತ್ತದೆ. ಶಸ್ತ್ರಾಸ್ತ್ರ ರಫ್ತಿನ ಕಾನೂನಿನಡಿ ಪರವಾನಗಿ ಪಡೆಯದೆ ಅದನ್ನು ದೇಶದ ಹೊರಗೆ ಕಳುಹಿಸುವಂತಿಲ್ಲ! ಇಂಟರ್‌ನೆಟ್ಟಿನಲ್ಲಿ ಹಾಕಿದರೆ ಹೊರದೇಶದವರೂ ಓದುತ್ತಾರೆ. ಆದ್ದರಿಂದ ಅದೂ ರಫ್ತೇ. ಟ್ಯಾಂಕು, ಫಿರಂಗಿಗಳ ಸಾಲಿನಲ್ಲಿ ಒಬ್ಬ ವಿದ್ಯಾರ್ಥಿಯ ಗಣಿತದ ಬರಹ.

ಈ ಕಾನೂನಿನ ವಿಚಿತ್ರವನ್ನು ಗಮನಿಸಿರಿ. ಅದೇ ಕಾಲದಲ್ಲಿ ಗೂಢಲಿಪಿಯ ಕುರಿತಾದ ಒಂದು ಪುಸ್ತಕವನ್ನು, ಅದರಲ್ಲಿ ಅಚ್ಚಾಗಿದ್ದ ಕಂಪ್ಯೂಟರ್ ಸೂಚನೆಗಳ ಸಮೇತ, ಯಾವ ದೇಶಕ್ಕೆ ಬೇಕಾದರೂ ಕಳುಹಿಸಬಹುದಾಗಿತ್ತು. ಆ ಸೂಚನೆಗಳನ್ನೇ ಫ್ಲಾಪಿಯಲ್ಲಿ ತುಂಬಿಸಿ ಕಳುಹಿಸಬೇಕಾದರೆ ಪರವಾನಗಿ ಬೇಕಿತ್ತು. ಕಾಗದದ ಮೇಲಿದ್ದರೆ ವಿದ್ಯೆ, ಫ್ಲಾಪಿಯಲ್ಲಿದ್ದರೆ ಆಯುಧ. ಬೇರೊಂದು ತಂತ್ರಾಂಶದವರಂತೂ ತಮ್ಮ ಸೋರ್ಸ್ ಕೋಡನ್ನು, ಅಂದರೆ ಕಂಪ್ಯೂಟರಿಗೆ ನೀಡುವ ಸೂಚನೆಗಳ ಮೂಲ ಬರಹವನ್ನು, ಪುಸ್ತಕವಾಗಿ ಅಚ್ಚು ಹಾಕಿಸಿ ಯುರೋಪಿಗೆ ಒಯ್ದು, ಅಲ್ಲಿ ಪುಟ ಪುಟವನ್ನೂ ಸ್ಕ್ಯಾನ್ ಮಾಡಿ ಮರಳಿ ತಂತ್ರಾಂಶವಾಗಿಸಿದರು.

ಬರ್ನ್‌ಸ್ಟೀನ್ ಅಡ್ಡದಾರಿಯನ್ನು ಹುಡುಕಲಿಲ್ಲ. 1995ರಲ್ಲಿ ಇಲೆಕ್ಟ್ರಾನಿಕ್ ಫ್ರಂಟಿಯರ್ ಫೌಂಡೇಶನ್ ಎಂಬ ಡಿಜಿಟಲ್ ಹಕ್ಕುಗಳ ಸಂಸ್ಥೆಯ ನೆರವಿನಿಂದ ದಾವೆ ಹೂಡಿದರು. ಅದೇ ವರ್ಷ ಪಿಎಚ್.ಡಿ. ಮುಗಿಸಿ ಶಿಕಾಗೋದ ಇಲಿನಾಯ್ ವಿಶ್ವವಿದ್ಯಾಲಯದ ಗಣಿತ ವಿಭಾಗವನ್ನು ಸೇರಿದರು. 1996ರಲ್ಲಿ ನ್ಯಾಯಾಧೀಶೆ ಮೆರಿಲಿನ್ ಹಾಲ್ ಪಟೇಲ್ ಅವರು ನೀಡಿದ ತೀರ್ಪು ಇಂದಿಗೂ ಚರ್ಚೆಯಲ್ಲಿದೆ. ಸಂಗೀತದಂತೆ, ಗಣಿತದ ಸಮೀಕರಣದಂತೆ ಕಂಪ್ಯೂಟರ್ ಭಾಷೆಯೂ ಒಂದು ಭಾಷೆಯೇ. ಆದ್ದರಿಂದ ಅದರಲ್ಲಿ ಬರೆದದ್ದಕ್ಕೂ ಮಾತಿಗಿರುವ ಸಾಂವಿಧಾನಿಕ ರಕ್ಷಣೆಯಿದೆ ಎಂಬುದು ಅದರ ಸಾರ. 1999ರ ಮೇ ತಿಂಗಳಲ್ಲಿ ಮೇಲ್ಮನವಿ ನ್ಯಾಯಾಲಯದ ಮೂವರಲ್ಲಿ ಇಬ್ಬರು ನ್ಯಾಯಾಧೀಶರು ಅದನ್ನೇ ಎತ್ತಿಹಿಡಿದರು.

ಇದನ್ನು ಸಂಪೂರ್ಣ ವಿಜಯವೆಂದು ಬಣ್ಣಿಸುವವರಿದ್ದಾರೆ. ವಸ್ತುತಃ ಹಾಗಲ್ಲ. ವಿಸ್ತೃತ ಪೀಠದ ಮುಂದೆ ಮರುವಿಚಾರಣೆಗೆ ಸರಕಾರದ ಕೋರಿಕೆ ಮಾನ್ಯವಾದಾಗ 1999ರ ಆ ತೀರ್ಪು ಹಿಂದೆ ಸರಿಯಿತು. ಆ ವಿಚಾರಣೆ ನಡೆಯುವ ಮೊದಲೇ, 2000ದ ಆರಂಭದಲ್ಲಿ, ಸರಕಾರ ತಾನಾಗಿಯೇ ನಿಯಮಗಳನ್ನು ಸಡಿಲಿಸಿತು. ಉಳಿದ ನಿಯಮಗಳ ವಿರುದ್ಧ ಬರ್ನ್‌ಸ್ಟೀನ್ ವಕೀಲರಿಲ್ಲದೆ ತಾವೇ ವಾದಿಸಿದರು. ಅವರ ಮೇಲೆ ಅವನ್ನು ಪ್ರಯೋಗಿಸುವ ಉದ್ದೇಶವಿಲ್ಲವೆಂದು ಸರಕಾರ ಹೇಳಿದ್ದರಿಂದ 2003ರಲ್ಲಿ ಪ್ರಕರಣ ಕೊನೆಗೊಂಡಿತು. ಅಂತಿಮ ತೀರ್ಪು ದೊರೆಯಲಿಲ್ಲ. ಆದರೂ ಗೂಢಲಿಪಿಯ ಮುಕ್ತ ತಂತ್ರಾಂಶ ಆ ದೇಶದಿಂದ ಬಾಗಿಲು ತೆರೆದು ಹೊರಬಂದದ್ದಂತೂ ನಿಜ.

ಈ ನಡುವೆ ಅವರು ಇಮೇಲ್ ವಿತರಣೆಗಾಗಿ 'ಕ್ಯೂಮೇಲ್' ಎಂಬ ತಂತ್ರಾಂಶವನ್ನು ಬರೆದು, ಅದರ ಸೋರ್ಸ್ ಕೋಡನ್ನು ಎಲ್ಲರ ಮುಂದಿಟ್ಟು, ಸುರಕ್ಷತೆಯ ಲೋಪವನ್ನು ತೋರಿಸಿದವರಿಗೆ 500 ಡಾಲರ್ ಬಹುಮಾನ ಘೋಷಿಸಿದ್ದರು. ಇನ್ನೊಂದು ತಂತ್ರಾಂಶಕ್ಕೆ 1000 ಡಾಲರ್. 2009ರಲ್ಲಿ ಆ ಎರಡನೆಯದರಲ್ಲಿ ಒಬ್ಬರು ಲೋಪವನ್ನು ತೋರಿಸಿದಾಗ, ಹೌದೆಂದು ಒಪ್ಪಿ ಹಣವನ್ನೂ ಕೊಟ್ಟರು. ತಪ್ಪು ತೋರಿಸಿದವರಿಗೆ ನಾವು ಸಾಮಾನ್ಯವಾಗಿ ಕೊಡುವುದು ಬೇರೆಯೇ ಬಹುಮಾನ! ಆದರೆ ಅವರ ಕೋಡನ್ನು ಯಾರೂ ಓದಬಹುದಾಗಿದ್ದರೂ, ತಿದ್ದಿದ ಪ್ರತಿಯನ್ನು ಹಂಚಲು ಹಲವು ವರ್ಷ ಅವರು ಅನುಮತಿ ನೀಡಿರಲಿಲ್ಲ. ಮುಕ್ತ ತಂತ್ರಾಂಶದ ಬೆಂಬಲಿಗರು ಇದನ್ನು ಆಕ್ಷೇಪಿಸುತ್ತಿದ್ದರು. ಅವರ ಆಕ್ಷೇಪ ಸರಿಯಾಗಿತ್ತೆಂದೇ ನಮ್ಮ ಅಭಿಪ್ರಾಯ. 2007ರಲ್ಲಿ ಅವರು ಎರಡನ್ನೂ ಸಾರ್ವಜನಿಕ ಸ್ವತ್ತಾಗಿ ಬಿಟ್ಟುಕೊಟ್ಟರು.

ಇನ್ನು ನಿಮ್ಮ ಮೊಬೈಲಿನ ಬೀಗದ ವಿಷಯ. ಇಬ್ಬರು ಸಂತೆಯ ನಡುವೆ ನಿಂತು ಎಲ್ಲರಿಗೂ ಕೇಳುವಂತೆ ಒಂದೊಂದು ಸಂಖ್ಯೆಯನ್ನು ಕೂಗಿ ಹೇಳುತ್ತಾರೆಂದು ಭಾವಿಸಿರಿ. ಬಳಿಕ ತಮ್ಮ ತಮ್ಮ ಮನಸ್ಸಿನಲ್ಲಿರುವ ಗುಟ್ಟಿನ ಸಂಖ್ಯೆಯೊಂದಿಗೆ ಅದನ್ನು ಬೆರೆಸಿ ಲೆಕ್ಕ ಮಾಡುತ್ತಾರೆ. ಇಬ್ಬರಿಗೂ ಒಂದೇ ಉತ್ತರ ಬರುತ್ತದೆ. ಕೇಳಿಸಿಕೊಂಡ ಸಂತೆಗೆ ಮಾತ್ರ ಆ ಉತ್ತರ ದಕ್ಕುವುದಿಲ್ಲ. ಆ ಉತ್ತರವೇ ಬೀಗದ ಕೈ. ಇದು ಸಾಧ್ಯವೆಂದು 1976ರಲ್ಲಿ ಡಿಫಿ ಮತ್ತು ಹೆಲ್ಮನ್ ತೋರಿಸಿದರು. ಒಂದು ವಕ್ರರೇಖೆಯ ಗಣಿತವನ್ನು ಬಳಸಿ, ಸಾಧಾರಣ ಯಂತ್ರದಲ್ಲಿಯೂ ಇದು ಕ್ಷಣಮಾತ್ರದಲ್ಲಿ ನಡೆಯುವಂತೆ ಬರ್ನ್‌ಸ್ಟೀನ್ ರೂಪಿಸಿದರು. 2006ರಲ್ಲಿ ಪ್ರಬಂಧವಾಗಿ ಪ್ರಕಟವಾದ ಅದರ ಹೆಸರು 'ಕರ್ವ್ 25519'. ಎರಡನ್ನು 255 ಬಾರಿ ಗುಣಿಸಿ ಅದರಿಂದ 19 ಕಳೆದರೆ ಬರುವ 77 ಅಂಕೆಗಳ ಅವಿಭಾಜ್ಯ ಸಂಖ್ಯೆಯಿಂದ ಬಂದ ಹೆಸರದು.

ಆ ವಕ್ರರೇಖೆಯ ಸಮೀಕರಣದಲ್ಲಿ 486662 ಎಂಬ ಸಂಖ್ಯೆ ಬರುತ್ತದೆ. ಅದೇ ಯಾಕೆ? ಯಾವ ಯಾವ ಗುಣಗಳಿರಬೇಕೆಂದು ಅವರು ಮೊದಲೇ ಪಟ್ಟಿ ಮಾಡಿದ್ದರು. ಅವುಗಳಿಗೆ ಒಪ್ಪುವ ಚಿಕ್ಕ ಸಂಖ್ಯೆಗಳು ಮೂರು ಸಿಕ್ಕವು. ಮೊದಲ ಎರಡನ್ನು ಬಿಟ್ಟು ಮೂರನೆಯದನ್ನೇಕೆ ಆರಿಸಿದೆನೆಂಬುದನ್ನೂ ಪ್ರಬಂಧದಲ್ಲಿ ಬರೆದರು. ಯಾರು ಬೇಕಾದರೂ ಲೆಕ್ಕ ಹಾಕಿ ಪರೀಕ್ಷಿಸಬಹುದು. ಮದ್ರಸದಲ್ಲಿ ಕಲಿತವರಿಗೆ ಇದು ಅಪರಿಚಿತವಾದ ಶಿಸ್ತೇನಲ್ಲ. ಮಾತು ಯಾರಿಂದ ಯಾರಿಗೆ ಬಂತೆಂಬ ಸನದನ್ನು ಕೇಳದೆ ನಾವು ಅದನ್ನು ಸ್ವೀಕರಿಸುವುದಿಲ್ಲವಷ್ಟೆ?

ಅದೇ 2006ರಲ್ಲಿ ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ ಮತ್ತೊಂದು ವಿಧಾನಕ್ಕೆ ಮುದ್ರೆಯೊತ್ತಿತು. ಬೀಗದ ಕೈಗೆ ಬೇಕಾದ ಗೊತ್ತುಗುರಿಯಿಲ್ಲದ ಸಂಖ್ಯೆಗಳನ್ನು ಹುಟ್ಟಿಸುವ ವಿಧಾನವದು. ಅದರಲ್ಲಿಯೂ ಕೆಲವು ನಿಶ್ಚಿತ ಸಂಖ್ಯೆಗಳಿದ್ದವು. ಅವು ಎಲ್ಲಿಂದ ಬಂದವೆಂಬ ವಿವರಣೆ ಇರಲಿಲ್ಲ. ಅವನ್ನು ಆರಿಸಿದವರ ಬಳಿ ಕಳ್ಳಕೀಲಿ ಇರಲು ಸಾಧ್ಯವೆಂದು 2007ರಲ್ಲಿಯೇ ಇಬ್ಬರು ಸಂಶೋಧಕರು ತೋರಿಸಿಕೊಟ್ಟರು. 2013ರಲ್ಲಿ ಎಡ್ವರ್ಡ್ ಸ್ನೋಡೆನ್ ಹೊರಹಾಕಿದ ದಾಖಲೆಗಳ ವರದಿಗಳು ಆ ಸಂಶಯಕ್ಕೆ ಬಲ ನೀಡಿದವು. 2014ರಲ್ಲಿ ನಿಸ್ಟ್ ಆ ವಿಧಾನವನ್ನು ಕೈಬಿಟ್ಟಿತು. ಹಲವರು ಕರ್ವ್ 25519ರ ಕಡೆಗೆ ಹೊರಳಿದ್ದು ಈ ಆಘಾತದ ಬಳಿಕ. ಅದನ್ನೇ ಬಳಸುವ ಸಿಗ್ನಲ್ ವಿಧಾನವನ್ನು ವಾಟ್ಸ್‌ಆ್ಯಪ್ 2016ರ ಎಪ್ರಿಲ್‌ನಲ್ಲಿ ತನ್ನ ನೂರು ಕೋಟಿ ಬಳಕೆದಾರರಿಗೆ ಅಳವಡಿಸಿ ಮುಗಿಸಿತು.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ಸಿಗ್ನಲ್ ಎಂಬ ಆ್ಯಪಿನ ಸೋರ್ಸ್ ಕೋಡನ್ನು ಯಾರೂ ಓದಬಹುದು. ವಾಟ್ಸ್‌ಆ್ಯಪಿನದನ್ನು ಓದಲಾಗದು. ಬೀಗದ ನಕ್ಷೆ ಬಹಿರಂಗವಾಗಿದೆ. ಆದರೆ ಆ ನಕ್ಷೆಯಂತೆಯೇ ಬಾಗಿಲಿಗೆ ಜೋಡಿಸಲಾಗಿದೆಯೇ ಎಂಬುದಕ್ಕೆ ಬಹುಮಟ್ಟಿಗೆ ಕಂಪೆನಿಯ ಮಾತನ್ನೇ ನಂಬಬೇಕು. ಅಲ್ಲದೆ, ನಿಮ್ಮ ಮೊಬೈಲೇ ಇನ್ನೊಬ್ಬರ ಕೈಗೆ ಸಿಕ್ಕರೆ ಯಾವ ಗಣಿತವೂ ಕಾಯುವುದಿಲ್ಲ.

ಇಲ್ಲಿ ಒಂದು ಗಂಭೀರ ಪ್ರಶ್ನೆ ಉದ್ಭವಿಸುತ್ತದೆ. 2018ರ ಜುಲೈ ತಿಂಗಳಲ್ಲಿ ನಮ್ಮದೇ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಹೈದರಾಬಾದಿನ ಯುವ ಇಂಜಿನಿಯರ್ ಒಬ್ಬರನ್ನು ಜನರ ಗುಂಪು ಹೊಡೆದು ಕೊಂದಿತು. ಅವರೂ ಗೆಳೆಯರೂ ದಾರಿಯಲ್ಲಿ ಮಕ್ಕಳಿಗೆ ಚಾಕಲೇಟು ಕೊಟ್ಟಿದ್ದರು. ಮಕ್ಕಳ ಕಳ್ಳರೆಂಬ ಸುಳ್ಳು ಸುದ್ದಿ ವಾಟ್ಸ್‌ಆ್ಯಪಿನಲ್ಲಿ ಅವರ ಕಾರಿಗಿಂತ ವೇಗವಾಗಿ ಓಡಿತು. ಇಂಥ ಸುದ್ದಿಯನ್ನು ಮೊದಲು ಬರೆದವನನ್ನು ಹಿಡಿಯುವುದು ಬೇಡವೇ? ನಮ್ಮ ಮಕ್ಕಳೇ ಬಲಿಯಾಗುತ್ತಿರುವಾಗ ಬೀಗದ ಗುಣಗಾನವೇಕೆ? ಈ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳುವ ಹಕ್ಕು ಯಾರಿಗೂ ಇಲ್ಲ. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳಲ್ಲಿ ಸಂದೇಶದ ಮೊದಲ ಕರ್ತೃವನ್ನು ಗುರುತಿಸಿಕೊಡಬೇಕೆಂದು ಕೇಂದ್ರ ಸರಕಾರ ವಿಧಿಸಿದಾಗಲೂ ಮುಂದಿಟ್ಟದ್ದು ಗಂಭೀರ ಅಪರಾಧಗಳ ತನಿಖೆಯ ಕಾರಣವನ್ನೇ. ಅದೇ ವರ್ಷ ವಾಟ್ಸ್‌ಆ್ಯಪ್ ದೆಹಲಿ ಹೈಕೋರ್ಟಿನಲ್ಲಿ ಇದನ್ನು ಪ್ರಶ್ನಿಸಿತು. ಎನ್‌ಕ್ರಿಪ್ಶನ್ ಮುರಿಯಬೇಕಾಗಿ ಬಂದರೆ ಭಾರತವನ್ನೇ ಬಿಡಬೇಕಾಗುತ್ತದೆಂದು 2024ರ ಎಪ್ರಿಲ್‌ನಲ್ಲಿ ಅಲ್ಲಿ ಹೇಳಿತು.

ನಮ್ಮ ನಿಲುವನ್ನು ಮುಚ್ಚಿಡುವುದಿಲ್ಲ. ಬೀದರಿನಲ್ಲಿ ಪೋಲೀಸರು ಹಲವರನ್ನು ಬಂಧಿಸಿದರು. ವಾಟ್ಸ್‌ಆ್ಯಪ್ ಗುಂಪಿನ ಅಡ್ಮಿನ್ ಕೂಡ ಅವರಲ್ಲಿದ್ದನು. ಗುಂಪಿನಲ್ಲಿ ಹರಿದಾಡಿದ್ದು ಗುಂಪಿನ ಸದಸ್ಯರ ಮೊಬೈಲುಗಳಲ್ಲಿ ತೆರೆದೇ ಇರುತ್ತದೆ. ಬೀಗ ತನಿಖೆಗೆ ಅಡ್ಡ ಬರಲಿಲ್ಲ. ಒಬ್ಬ ಕೊಲೆಗಡುಕನಿಗಾಗಿ ಮಾಡಿದ ಕಳ್ಳಕೀಲಿಯಾದರೋ ಎಲ್ಲ ಮನೆಗಳ ಬಾಗಿಲನ್ನೂ ತೆರೆಯುತ್ತದೆ. ಅದು ಇಂದು ಯಾರ ಕೈಯಲ್ಲಿದೆ ಎಂಬುದಷ್ಟೇ ಅಲ್ಲ, ನಾಳೆ ಯಾರ ಕೈಗೆ ಹೋಗುತ್ತದೆ ಎಂಬುದೂ ಪ್ರಶ್ನೆ. "ನಾವು ತಪ್ಪು ಮಾಡಿಲ್ಲ, ಅಡಗಿಸಲು ಏನಿದೆ?" ಎಂದು ಕೇಳುವ ಹಿರಿಯರು ತಮ್ಮ ಮನೆಯ ಕಿಟಕಿಗೆ ಪರದೆ ಹಾಕಿಸದೆ ಬಿಟ್ಟದ್ದನ್ನು ನಾವು ಕಂಡಿಲ್ಲ.

ಖಾಸಗಿತನವು ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಸುಪ್ರೀಮ್ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಸಾರಿತು. ಆ ಪ್ರಕರಣಕ್ಕೆ ಹೆಸರು ಕೊಟ್ಟ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. 2012ರಲ್ಲಿ ಅವರು ಅರ್ಜಿ ಸಲ್ಲಿಸಿದಾಗ ವಯಸ್ಸು ಎಂಬತ್ತು ದಾಟಿತ್ತು.

ಬರ್ನ್‌ಸ್ಟೀನ್ ಕೂಡ ಸುಮ್ಮನಿರಲಿಲ್ಲ. ಮುಂದಿನ ಪೀಳಿಗೆಯ ಕಂಪ್ಯೂಟರುಗಳಿಗೂ ಬಗ್ಗದ ಗೂಢಲಿಪಿಗಳನ್ನು ನಿಸ್ಟ್ ಆರಿಸುತ್ತಿದ್ದಾಗ, ಆಯ್ಕೆಯ ಕಡತಗಳನ್ನು ಮಾಹಿತಿ ಹಕ್ಕಿನ ಕಾನೂನಿನಡಿ ಕೇಳಿದರು. ಕಡತಗಳು ಬರಲಿಲ್ಲವೆಂದು 2022ರಲ್ಲಿ ಮತ್ತೆ ನ್ಯಾಯಾಲಯಕ್ಕೆ ಹೋದರು. ಆ ಸ್ಪರ್ಧೆಯಲ್ಲಿ ಅವರು ಪಾಲುದಾರರಾಗಿದ್ದ ವಿಧಾನಗಳೂ ಇದ್ದವು. ಆದ್ದರಿಂದ ಸೋತವರ ಕೂಗೆಂದು ಟೀಕಿಸುವುದು ಸುಲಭ. ಆದರೆ ಅವರು ಪಾಲುದಾರರಾಗಿದ್ದ ಒಂದು ವಿಧಾನ ಆಯ್ಕೆಯಾಗಿಯೂ ಇತ್ತು ಎಂಬುದನ್ನು ಗಮನಿಸಬೇಕು.

ನಮಗೆ ಕೊಟ್ಟ ಸಮಯ ಮುಗಿಯುತ್ತಾ ಬಂತು. ವಾಟ್ಸ್‌ಆ್ಯಪಿನಲ್ಲಿ ಯಾರದಾದರೂ ಹೆಸರನ್ನು ತೆರೆದು ಎನ್‌ಕ್ರಿಪ್ಶನ್ ಎಂಬಲ್ಲಿ ಒತ್ತಿದರೆ 60 ಅಂಕೆಗಳು ಕಾಣುತ್ತವೆ. ನಿಮ್ಮ ಮೊಬೈಲಿನಲ್ಲಿಯೂ ಅವರ ಮೊಬೈಲಿನಲ್ಲಿಯೂ ಅವು ಒಂದೇ ಆಗಿರಬೇಕು. ಬೇರೆಯಾಗಿದ್ದರೆ ನಡುವೆ ಯಾರೋ ನಿಂತಿರಬಹುದು. ದಮಾಮಿನಲ್ಲೋ ದುಬೈಯಲ್ಲೋ ಇರುವ ಮಗನೊಂದಿಗೆ ಅವನ್ನು ಹೋಲಿಸಿ ನೋಡುವುದು ಹೇಗೆಂದು ತಿಳಿಯಬಯಸುವವರು, ವಿಶೇಷವಾಗಿ ತಾಯಂದಿರು, ಚಹಾದ ನಂತರ ಇಲ್ಲಿಯೇ ಮುಂದಿನ ಸಾಲಿಗೆ ಬನ್ನಿರಿ. ಮೊಬೈಲು ತರಲು ಮರೆಯಬೇಡಿರಿ.