ಮಾತ್ರೆಗೂ ಹೊತ್ತುಂಟು, ನಡಿಗೆಗೂ ಹೊತ್ತುಂಟು

 

ಚೀಟಿಯಲ್ಲಿ "ದಿನಕ್ಕೆ ಎರಡು ಸಲ" ಎಂದಿದ್ದರೆ ನೀವು ಕೇಳಬೇಕಾದದ್ದು, "ಎಷ್ಟು ಹೊತ್ತಿಗೆ ಸಿಸ್ಟರ್?"

ಹಲಸೂರಿನ ಕಡೆಯ ಒಬ್ಬ ಅಜ್ಜಿಗೆ ಸಕ್ಕರೆ ಕಾಯಿಲೆ. ನಾನು ಹಿಂದೆ ಕೆಲಸದಲ್ಲಿದ್ದ ಕಡೆ, ತಿಂಡಿಗೆ 30 ನಿಮಿಷ ಮುಂಚೆ ಇನ್ಸುಲಿನ್ ಎಂದು ಅವರಿಗೆ ಹೇಳಿ ಕಳಿಸಿದ್ದೆ. ಅವರು ಸ್ನಾನ ಮುಗಿಸಿ, ಇನ್ಸುಲಿನ್ ಚುಚ್ಚಿಕೊಂಡು ಲಿಂಗಪೂಜೆಗೆ ಕುಳಿತರು. ಪೂಜೆಯಾಗದೆ ಬಾಯಿಗೆ ಏನೂ ಹಾಕುವವರಲ್ಲ. ಅಂದು ಪೂಜೆ ಒಂದು ಗಂಟೆ ದಾಟಿತು. ಮೈ ಬೆವೆತು, ಕೈ ನಡುಗಿ, ಗೋಡೆಗೆ ಒರಗಿಬಿಟ್ಟರು. ಎಚ್ಚರವಿದ್ದುದರಿಂದ ಸೊಸೆ ಸಕ್ಕರೆ ನೀರು ಕುಡಿಸಿದರು, ಚೇತರಿಸಿಕೊಂಡರು. ತಪ್ಪು ಪೂಜೆಯದಲ್ಲ, ಅಜ್ಜಿಯದೂ ಅಲ್ಲ. ಮನೆಯಲ್ಲಿ ಪೂಜೆ ಯಾವಾಗ, ತಿಂಡಿ ಯಾವಾಗ ಎಂದು ನಾನು ಕೇಳಬೇಕಿತ್ತು. ಈಗ ಮೊದಲು ಪೂಜೆ, ಆಮೇಲೆ ಇನ್ಸುಲಿನ್, ಅರ್ಧ ಗಂಟೆಗೆ ತಿಂಡಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬೇಡಿ, 108ಕ್ಕೆ ಫೋನ್ ಮಾಡಿ.

ಗೋಡೆ ಗಡಿಯಾರದಂತೆ ಮೈಯೊಳಗೂ ಒಂದು ಗಡಿಯಾರವಿದೆ. ಅದು ನಡೆಯುವ ಬಗೆಯನ್ನು ಹಣ್ಣಿನ ನೊಣದಲ್ಲಿ ತೋರಿಸಿದ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಬಂತು. ನಮ್ಮ ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರದಲ್ಲೂ ಇಂಥ ನೊಣಗಳ ಮೇಲೆ ಅಧ್ಯಯನ ನಡೆದಿದೆ. ದೇಹ ತನ್ನದೇ ಸ್ಟೀರಾಯ್ಡನ್ನು ಬೆಳಿಗ್ಗೆ ಹೆಚ್ಚಾಗಿ ತಯಾರಿಸುತ್ತದೆ. ಆದ್ದರಿಂದಲೇ ಸ್ಟೀರಾಯ್ಡ್ ಮಾತ್ರೆಯನ್ನೂ ಸಾಮಾನ್ಯವಾಗಿ ಬೆಳಿಗ್ಗೆ, ತಿಂಡಿಯ ನಂತರ ಕೊಡುವುದು.

ಥೈರಾಯ್ಡ್ ಮಾತ್ರೆ ಬರಿ ಹೊಟ್ಟೆಗೆ, ಬರಿ ನೀರಿನಲ್ಲಿ. ಕಾಫಿ ಅರ್ಧದಿಂದ ಒಂದು ಗಂಟೆ ಕಾಯಲಿ (ನಮ್ಮವರಿಗೆ ಇದೇ ಕಷ್ಟ!). ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗೆ 4 ಗಂಟೆ ಅಂತರವಿರಲಿ.

ಬಿ.ಪಿ. ಮಾತ್ರೆ ರಾತ್ರಿಯೇ ಒಳ್ಳೆಯದೆಂದು ಕೆಲವರು ಹೇಳುತ್ತಾರೆ. ಬ್ರಿಟನ್ನಿನಲ್ಲಿ 21 ಸಾವಿರಕ್ಕೂ ಹೆಚ್ಚು ಜನರನ್ನು ಗಮನಿಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೃದಯಾಘಾತ, ಪಾರ್ಶ್ವವಾಯು ತಡೆಯುವುದರಲ್ಲಿ ಬೆಳಿಗ್ಗೆಗೂ ಸಂಜೆಗೂ ವ್ಯತ್ಯಾಸ ಕಾಣಲಿಲ್ಲ. ನೀವು ಮರೆಯದ ಹೊತ್ತೇ ಸರಿಯಾದ ಹೊತ್ತು.

ನಡಿಗೆಯೂ ಹಾಗೆಯೇ. ಹಲಸೂರು ಕೆರೆಯ ಕಡೆ ಬೆಳಿಗ್ಗೆ ಹೋಗಲಾಗದಿದ್ದರೆ ಬೇಸರ ಬೇಡ. ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ಮನೆಯ ಬೀದಿಯಲ್ಲೇ ನಡೆದರೆ ಏರುವ ಸಕ್ಕರೆ ತಗ್ಗುತ್ತದೆ. ಇನ್ಸುಲಿನ್ ತೆಗೆದುಕೊಳ್ಳುವವರು ಬರಿ ಹೊಟ್ಟೆಯಲ್ಲಿ ದೂರ ನಡೆಯಬೇಡಿ, ಜೇಬಿನಲ್ಲಿ ಸಕ್ಕರೆ ಇರಲಿ.

ಕೆ.ಆರ್. ಪುರದಿಂದ ಬಸ್ಸಿನಲ್ಲಿ ಬರುವವರು, ದಾರಿಯಲ್ಲಿ ಮೂತ್ರಕ್ಕೆ ಅವಸರವಾಗುತ್ತದೆಂದು ನೀರಿನ ಮಾತ್ರೆ ಬಿಟ್ಟುಬಿಡುತ್ತೀರಿ. ಬಿಡಬೇಡಿ. ನಾಚಿಕೆಪಡದೆ ಡಾಕ್ಟರಿಗೆ ಹೇಳಿ, ಹೊತ್ತು ಬದಲಾಯಿಸಿ ಬರೆದುಕೊಡುತ್ತಾರೆ.